ಪುಕ್ಕಲಕ್ಕ ಬಾಯಿ ಬಿಟ್ಟಳು

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿದೆ. ಅಲ್ಲಿ ಕಿಟಕಿಯಿಲ್ಲ. ಮೇಲಿನ ಮಹಡಿಗಳಲ್ಲಿ ಕೊಳೆಯಾದ ಹಾಸು, ಹೊದಿಕೆ, ರೋಗಿಗಳ ಅಂಗಿಗಳನ್ನೆಲ್ಲ ಒಂದು ದೊಡ್ಡ ಬಟ್ಟೆಯಲ್ಲಿ ಮೂಟೆ ಕಟ್ಟಿ, ಗೋಡೆಯೊಳಗಿನ ತಗಡಿನ ಕೊಳವೆಗೆ ತಳ್ಳುತ್ತಾರೆ. ಮೂಟೆ ಧಡಧಡ ಸದ್ದು ಮಾಡುತ್ತ ಇಳಿದು ಬಂದು ಕೆಳಗಿನ ಕಟ್ಟೆಯ ಮೇಲೆ ದೊಪ್ಪೆಂದು ಬೀಳುತ್ತದೆ. ಅಲ್ಲಿ ಕೆಲಸ ಮಾಡುವವರಿಗೆ ಆ ಸದ್ದು ಕಿವಿಗೇ ಬೀಳುವುದಿಲ್ಲ. ಒಬ್ಬಳಿಗೆ ಮಾತ್ರ, ಇಷ್ಟು ವರ್ಷವಾದರೂ, ಪ್ರತಿ ಮೂಟೆಗೂ ಎದೆ ಝಲ್ಲೆನ್ನುತ್ತದೆ.

ಅವಳಿಗೆ ಅಲ್ಲಿಯವರು ಇಟ್ಟ ಹೆಸರು ಪುಕ್ಕಲಕ್ಕ. ಅದಕ್ಕೆ ಅವಳು ಬೇಸರ ಮಾಡಿಕೊಂಡವಳಲ್ಲ. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀಬಾರ್ದು" ಎಂದು ತಾನೇ ನಗುತ್ತಾಳೆ. ನಾಯಿ ಕಂಡರೆ ಭಯ, ಗುಡುಗಿದರೆ ಭಯ, ಲಿಫ್ಟಿನ ಬಾಗಿಲು ಮುಚ್ಚಿದರೆ ಭಯ. ಯಾರಾದರೂ ಬಾಗಿಲು ಜೋರಾಗಿ ತಟ್ಟಿದರೆ ಕೈಯಲ್ಲಿದ್ದದ್ದು ನೆಲಕ್ಕೆ. ಮದುವೆಯ ದಿನ ಸಭಾಪಾಲಕರು ತಮ್ಮ ಕಂಚಿನ ಕಂಠದಲ್ಲಿ "ಈತನನ್ನು ಗಂಡನಾಗಿ ಸ್ವೀಕರಿಸುತ್ತೀಯಾ?" ಎಂದು ಕೇಳಿದಾಗ ಇವಳು ಬೆಚ್ಚಿಬಿದ್ದು "ಅಯ್ಯೋ, ಇಲ್ಲ!" ಎಂದುಬಿಟ್ಟಳಂತೆ. ಇಡೀ ಚರ್ಚು ನಕ್ಕಿತು. ಎರಡನೆಯ ಸಲ ಮೆಲ್ಲಗೆ ಕೇಳಿದ ಮೇಲೆ ಒಪ್ಪಿದಳು. ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಅವಳ ಗಂಡ ಬದುಕಿರುವ ತನಕ ಆ ಮಾತನ್ನು ಬಿಡಲಿಲ್ಲ. "ನಾನು ಆವಾಗ್ಲೇ ಓಡಿಹೋಗಬೇಕಿತ್ತು. ಏನ್ಮಾಡ್ಲಿ, ನಮ್ಮಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ" ಎನ್ನುತ್ತಿದ್ದ.

ಅವನಿರುವಷ್ಟು ಕಾಲ ಧೈರ್ಯವೆಲ್ಲ ಅವನ ಪಾಲಿಗೆ, ಭಯವೆಲ್ಲ ಇವಳ ಪಾಲಿಗೆ ಎಂದು ಹಂಚಿಕೊಂಡಂತಿತ್ತು. ಎದೆಗೂಡಿನ ಕಾಯಿಲೆ ಅವನನ್ನು ಬೇಗ ತೆಗೆದುಕೊಂಡು ಹೋಯಿತು. ಮಗ ಇನ್ನೂ ಶಾಲೆಯಲ್ಲಿದ್ದ. ಇವಳು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದದ್ದು ಆಗ.

ನಮ್ಮ ಸಭೆಯ ಹೆಂಗಸರ ಪ್ರಾರ್ಥನಾ ಕೂಟದಲ್ಲಿ ನನಗೆ ಅವಳ ಪರಿಚಯ. ನಾವು ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸುತ್ತೇವೆ. ಕೆಲವರು ಲೋಕದ ಕಷ್ಟವನ್ನೆಲ್ಲ ಒಂದು ಸುತ್ತು ಹಾಕಿಬರುತ್ತಾರೆ. ಅಕ್ಕನ ಸರದಿ ಬಂದಾಗ ಅವಳು ಹೇಳುವುದು ಒಂದೇ: "ಸ್ವಾಮಿ, ಭಯ ಆಗ್ತಿದೆ. ಆಮೆನ್." ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ಯಾರೋ ನಗುತ್ತಾರೆ. ಮುಂದಿನ ವಾರವೂ ಅದೇ ಪ್ರಾರ್ಥನೆ.

ಅವಳು ನನಗೆ ಈ ಸಂಗತಿಯನ್ನೆಲ್ಲ ಹೇಳಿದ್ದು ಒಂದೇ ಸಲಕ್ಕಲ್ಲ. ಕೂಟ ಮುಗಿದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಕೆಲಸ ನಮ್ಮಿಬ್ಬರದು. ಒಂದೊಂದು ವಾರ ಒಂದಷ್ಟು ಹೇಳುತ್ತಿದ್ದಳು. ಬರೆಯುತ್ತೇನೆ ಎಂದಾಗ, "ಬರಿ. ಆದ್ರೆ ನನ್ನನ್ನ ದೊಡ್ಡ ಧೈರ್ಯವಂತೆ ಮಾಡಿಬಿಡಬೇಡ, ಯಾರೂ ನಂಬಲ್ಲ" ಎಂದಳು.

ಅವಳ ಕೆಲಸ ಮೂಟೆ ಬಿಚ್ಚಿ ಬಟ್ಟೆ ವಿಂಗಡಿಸುವುದು. ರಕ್ತವಾದದ್ದು ಒಂದು ಕಡೆ, ಬರಿಯ ಬೆವರಿನದು ಒಂದು ಕಡೆ, ಮಕ್ಕಳದು ಬೇರೆ. ಮೂಟೆಗಳ ಮೇಲೆ ಯಾವ ವಾರ್ಡಿನದೆಂದು ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಕಟ್ಟುವ ಕೈಗೊಂದು ಗಂಟು. ಮೂಳೆ ವಾರ್ಡಿನ ಗಂಡಾಳು ನಾಲ್ಕು ಮೂಲೆಯನ್ನೂ ಸೇರಿಸಿ ಸುಮ್ಮನೆ ತಿರುಚುತ್ತಾನೆ, ಅದು ಕೊಳವೆಯಲ್ಲೇ ಬಿಚ್ಚಿಹೋಗಿರುತ್ತದೆ. ಮಕ್ಕಳ ವಾರ್ಡಿನವಳದು ಮೊಲದ ಕಿವಿಯ ಹಾಗೆ ಎರಡು ಕುಣಿಕೆ. ಬಿಚ್ಚುವವರು ಗಂಟು ನೋಡಿಯೇ "ಈವತ್ತು ಮೊಲದ ಕಿವಿ ಬಂದಿಲ್ಲ, ಅವಳು ರಜೆ ಇರ್ಬೇಕು" ಎಂದು ಮಾತಾಡಿಕೊಳ್ಳುತ್ತಾರೆ.

ಹೆಂಗಸರ ವಾರ್ಡಿನಿಂದ ಬೆಳಿಗ್ಗೆ ಬರುವ ಮೂಟೆಯ ಗಂಟು ಅಕ್ಕನಿಗೆ ಮನೆಯದೇ. ಅದು ಅವಳ ಸೊಸೆ ಹಾಕಿದ್ದು. ಸೊಸೆ ಆ ವಾರ್ಡಿನಲ್ಲಿ ನರ್ಸು, ಹೊಸಬಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪರೀಕ್ಷೆಯ ಅವಧಿ ಮುಗಿಯುತ್ತ ಬಂದಿತ್ತು. ಮೂರು ಸುತ್ತು ಸುತ್ತಿ ತುದಿಯನ್ನು ಒಳಗೆ ತೂರಿಸಿ ಎಳೆದುಬಿಡುವುದು ಅವಳ ಅಭ್ಯಾಸ. ಮನೆಯಲ್ಲಿ ಸಕ್ಕರೆಯ ಚೀಲಕ್ಕೂ ಅದೇ ಗಂಟು.

"ನಿನ್ನ ಗಂಟು ಬಿಚ್ಚೋಕೆ ನನ್ನ ಹಲ್ಲೇ ಉಳಿಯಲ್ಲ ಕಣೇ" ಎಂದು ಅತ್ತೆ ಗೊಣಗಿದರೆ, "ಹಲ್ಲಿದ್ರೆ ಸಕ್ಕರೆ ತಿಂತೀರಾ ಅತ್ತೆ, ಅದಕ್ಕೇ ಹಾಗೆ ಕಟ್ತೀನಿ" ಎನ್ನುವಳು ಸೊಸೆ. ಅವರಿಬ್ಬರದು ಅಂಥ ಮಾತು. ಜಗಳವೋ ಸಲಿಗೆಯೋ ಹೊರಗಿನವರಿಗೆ ಗೊತ್ತಾಗದು.

ಬಟ್ಟೆ ವಿಂಗಡಿಸುವವರು ಮೊಣಕೈವರೆಗೆ ಬರುವ ದಪ್ಪ ರಬ್ಬರಿನ ಕೈಗವಸು ಹಾಕಿಯೇ ಮೂಟೆ ಮುಟ್ಟಬೇಕು. ಇದು ನಿಯಮ. ಆದರೆ ಒದ್ದೆಯಾಗಿ ಬಿಗಿದುಕೊಂಡ ಗಂಟು ಆ ದಪ್ಪ ಬೆರಳುಗಳಿಗೆ ಬಗ್ಗುವುದಿಲ್ಲ. ಆದ್ದರಿಂದ ಎಲ್ಲರೂ ಬಲಗೈ ಕೈಗವಸು ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬರಿ ಉಗುರಿನಿಂದ ಗಂಟು ಸಡಿಲಿಸಿ, ಮತ್ತೆ ಹಾಕಿಕೊಳ್ಳುತ್ತಾರೆ. ಮೇಸ್ತ್ರಿ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಾನೆ. ಒಮ್ಮೊಮ್ಮೆ, ಕೆಲಸದ ಭರದಲ್ಲಿ, ಮತ್ತೆ ಹಾಕಿಕೊಳ್ಳುವುದು ಮರೆತುಹೋಗುತ್ತದೆ.

ಆ ಬೆಳಿಗ್ಗೆ ಮರೆತವಳು ಅಕ್ಕ. ಸೊಸೆಯ ಗಂಟು ಬಿಚ್ಚಿ, ಮೇಲಿನ ಹಾಸನ್ನು ಬರಿಗೈಯಲ್ಲೇ ಕೊಡವಲು ಎಳೆದಳು. ಮಡಿಕೆಯೊಳಗೆ ಏನೋ ಕಚ್ಚಿದಂತಾಯಿತು. ಕೈ ಹಿಂದಕ್ಕೆ ಎಳೆದುಕೊಂಡಾಗ ತೋರುಬೆರಳಿನ ತುದಿಯಲ್ಲಿ ಒಂದು ಸೂಜಿ ನೇತಾಡುತ್ತಿತ್ತು. ಇಂಜೆಕ್ಷನ್ ಕೊಟ್ಟು ಮುಗಿಸಿದ ಸೂಜಿ. ಒಳಗೆ ಕೆಂಪಗೆ ಒಂದಿಷ್ಟು ಉಳಿದಿತ್ತು.

"ಕೂಗೋಕೂ ಆಗಲಿಲ್ಲ" ಎಂದಳು ಅಕ್ಕ. "ಇಷ್ಟು ವರ್ಷ ನಾಯಿ, ಗುಡುಗು ಅಂತ ಬೆಚ್ಚಿದ್ದೆಲ್ಲ ಆಟ. ನಿಜವಾದ ಭಯಕ್ಕೆ ಸದ್ದೇ ಇರಲ್ಲ."

ಪಕ್ಕದಲ್ಲಿದ್ದವಳು ಅವಳ ಜೊತೆಗಾತಿ, ಎಲ್ಲರೂ ದಂಡನಾಯಕಿ ಎಂದು ಕರೆಯುವ ದೊಡ್ಡ ದನಿಯ ಹೆಂಗಸು. ಅವಳು ಒಂದೇ ನೋಟಕ್ಕೆ ಅರ್ಥಮಾಡಿಕೊಂಡು, ಸೂಜಿಯನ್ನು ಕಿತ್ತು ಅಲ್ಲಿದ್ದ ಸೂಜಿ ಡಬ್ಬಿಗೆ ಹಾಕಿ, ಅಕ್ಕನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಸೋಪು ಹಾಕಿ ತೊಳೆದಳು. ಆಮೇಲೆ ಅಪರೂಪಕ್ಕೆ ದನಿ ತಗ್ಗಿಸಿ ಹೇಳಿದಳು: "ಬಾಯಿ ಮುಚ್ಕೊಂಡಿರು."

"ಹೇಳಬೇಕಲ್ವಾ?"

"ಹೇಳು, ಹೋಗು. ಮೊದಲು ಕೇಳೋದು, ಗ್ಲೌಸ್ ಎಲ್ಲಿತ್ತು ಅಂತ. ನಿನ್ನ ಕಂಕುಳಲ್ಲಿತ್ತು ಅಂತೀಯಾ? ಆಮೇಲೆ ಕೇಳೋದು ಯಾವ ವಾರ್ಡು ಅಂತ. ಗಂಟು ಯಾರದ್ದು ಅಂತ ನಾನು ನೋಡಿಲ್ಲ ಅನ್ಕೊಂಡ್ಯಾ?"

ಅಕ್ಕ ನಲ್ಲಿ ನಿಲ್ಲಿಸಿದಳು.

"ಇಸ್ತ್ರಿ ಕಡೆ ಇದ್ದವಳನ್ನ ನೆನಪಿಸ್ಕೋ" ಎಂದಳು ದಂಡನಾಯಕಿ, ಮತ್ತು ಮುಂದಿನ ಮೂಟೆಯ ಕಡೆ ತಿರುಗಿದಳು.

ಇಸ್ತ್ರಿ ಕಡೆ ಇದ್ದವಳು ಒಬ್ಬ ಸಣ್ಣ ದೇಹದ ಹೆಂಗಸು. ಅವಳಿಗೂ ಹೀಗೇ ಸೂಜಿ ಚುಚ್ಚಿತ್ತು; ಮೇಲೆ ಹೋಗಿ ಹೇಳಿ, ಮಾತ್ರೆ ತೆಗೆದುಕೊಳ್ಳಲು ಶುರುಮಾಡಿದ್ದಳು. ಏನೂ ಆಗಿರಲಿಲ್ಲ ಅವಳಿಗೆ. ಆದರೆ ಅಂದಿನಿಂದ ಟೀ ಕುಡಿಯುವಾಗ ಅವಳ ಲೋಟದ ಸುತ್ತ ಜಾಗ ಖಾಲಿಯಾಯಿತು. ಅವಳು ಕೂತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕೆಟ್ಟ ಮಾತೇನೂ ಯಾರೂ ಆಡಲಿಲ್ಲ. ಎಲ್ಲರೂ ನಗುನಗುತ್ತಲೇ ದೂರ ಸರಿದರು. ಒಂದು ದಿನ ಅವಳು ಕೆಲಸಕ್ಕೆ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ದೂರ ಸರಿದವರಲ್ಲಿ ಅಕ್ಕನೂ ಇದ್ದಳು.

ಆ ದಿನವೆಲ್ಲ ಅಕ್ಕ ಎರಡು ಕೈಗವಸನ್ನೂ ಹಾಕಿಕೊಂಡು ಕೆಲಸ ಮಾಡಿದಳು. ಒಳಗೆ ಬೆರಳು ಮಿಡಿಯುತ್ತಿತ್ತು, ಎರಡನೆಯ ಹೃದಯವೊಂದು ಅಲ್ಲಿ ಹುಟ್ಟಿಕೊಂಡ ಹಾಗೆ. ಆಸ್ಪತ್ರೆಯಲ್ಲಿ ದುಡಿದವರಿಗೆ ಇಷ್ಟು ಗೊತ್ತಿರುತ್ತದೆ: ರಕ್ತದಿಂದ ರಕ್ತಕ್ಕೆ ಹೋಗುವ ಕಾಯಿಲೆಗಳಿವೆ, ಚುಚ್ಚಿದವರಿಗೆ ಕೊಡುವ ಮಾತ್ರೆಯೂ ಇದೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು, ಮೂರು ದಿನ ದಾಟಿದರೆ ನುಂಗಿಯೂ ಪ್ರಯೋಜನವಿಲ್ಲ. ಮಾತ್ರೆ ಬೇಕಾದರೆ ಮೇಲಿನ ಮಹಡಿಗೆ ಹೋಗಿ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಸೊಸೆಯ ಕೆಲಸ ಹೋಗಬಹುದು. ಹಾಸಿನಲ್ಲಿ ಸೂಜಿ ಬಿಡುವುದು ನರ್ಸಿಗೆ ಸಣ್ಣ ತಪ್ಪಲ್ಲ, ಮತ್ತು ವಾರ್ಡಿನ ದೊಡ್ಡ ಸಿಸ್ಟರ್ ಸೊಸೆಯನ್ನು ಈಗಾಗಲೇ ಒಂದು ಸಲ ಗದರಿಸಿದ್ದರು. ಬಾಯಿ ಬಿಡದಿದ್ದರೆ... ಅದರ ಮುಂದಕ್ಕೆ ಅವಳ ಯೋಚನೆ ಹೋಗುತ್ತಿರಲಿಲ್ಲ. ಅತ್ತ ದರಿ ಇತ್ತ ಪುಲಿ.

ಅಂದು ಸಂಜೆ ಕೂಟವಿತ್ತು. ಅಕ್ಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಕೂತಿದ್ದು ನನಗೆ ನೆನಪಿದೆ. ಅವಳ ಸರದಿ ಬಂತು. "ಸ್ವಾಮಿ, ಭಯ ಆಗ್ತಿದೆ" ಎಂದಳು. ಆಮೆನ್ ಬರಲಿಲ್ಲ. ನಾವು ಕಾಯ್ದೆವು. "ತುಂಬಾ ಆಗ್ತಿದೆ" ಎಂದು ಸೇರಿಸಿ ನಿಲ್ಲಿಸಿದಳು.

ಕೂಟ ಮುಗಿಯುವಾಗ, ಗಟ್ಟಿಯಾಗಿ ಪ್ರಾರ್ಥಿಸುವ ಒಬ್ಬ ಸಹೋದರಿ ಅವಳ ಭುಜ ತಟ್ಟಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಭಯ ಅಂದ್ರೆ ಅವಿಶ್ವಾಸ. ನಂಬಿಕೆ ಇದ್ದ ಕಡೆ ಭಯಕ್ಕೆ ಜಾಗ ಇರಲ್ಲ."

"ಹೌದಮ್ಮ" ಎಂದಳು ಅಕ್ಕ. ಕುರ್ಚಿ ಪೇರಿಸಲು ನಿಲ್ಲದೆ ಹೊರಟುಹೋದಳು. ನಾನು ಹಿಂದಿನಿಂದ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ದಾರಿಯುದ್ದಕ್ಕೂ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಕಾಯಿಲೆ ಒಂದು ಭಯವಾಗಿತ್ತು. ಈಗ ತನಗೆ ನಂಬಿಕೆಯೇ ಇಲ್ಲವೇನೋ ಎಂಬ ಇನ್ನೊಂದು ಭಯ ಅದರ ಮೇಲೆ ಕೂತಿತು. ಇಷ್ಟು ವರ್ಷ ಮಂಡಿಯೂರಿದ್ದೆಲ್ಲ ಸುಳ್ಳೇ? ದೇವರು ಒಂದು ದಿನವಾದರೂ ಅವಳ ಪ್ರಾರ್ಥನೆಗೆ ಕಿವಿಗೊಟ್ಟಿದ್ದರೆ ಭಯ ಹೋಗಬೇಕಿತ್ತಲ್ಲ?

ಅವರದು ಎರಡು ಕೋಣೆಯ ಮನೆ. ಮಗ ಊರಿಂದೂರಿಗೆ ಲಾರಿ ಓಡಿಸುವವನು, ಆ ವಾರ ಮನೆಯಲ್ಲಿರಲಿಲ್ಲ. ಮೊಮ್ಮಗಳು ಪುಟ್ಟಿಗೆ ಅಜ್ಜಿಯ ಹಾಸಿಗೆಯೇ ಹಾಸಿಗೆ, ಅಜ್ಜಿಯ ತಟ್ಟೆಯೇ ತಟ್ಟೆ. ಆ ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ ಎಂದಿನಂತೆ ಅಜ್ಜಿಯ ತಟ್ಟೆಗೆ ಕೈಹಾಕಿದಳು. ಅಕ್ಕ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡಳು.

"ಈವತ್ತು ನಿನ್ನ ತಟ್ಟೇಲಿ ತಿನ್ನು."

"ಯಾಕಜ್ಜಿ?"

"ದೊಡ್ಡವಳಾಗಿದ್ದೀಯ."

"ಬೆಳಿಗ್ಗೆ ಚಿಕ್ಕವಳು ಅಂದ್ರಲ್ಲ?"

ಸೊಸೆ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ಮಲಗುವ ಹೊತ್ತಿಗೆ, ಕೆಮ್ಮು ಬಂದಿದೆ ಎಂದು ನೆಪ ಹೇಳಿ ಮಗುವನ್ನು ಸೊಸೆಯ ಹತ್ತಿರ ಕಳಿಸಿದಳು.

ಮರುದಿನ ಬೆಳಿಗ್ಗೆ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಪುಟ್ಟಿ ಅಜ್ಜಿಯ ಬೆರಳಿಗೆ ಸುತ್ತಿದ್ದ ಬಟ್ಟೆಯ ಚೂರನ್ನು ಕಂಡಳು. ಮಕ್ಕಳಿಗೆ ಗಾಯವೆಂದರೆ ಮುತ್ತು ಕೊಟ್ಟು ವಾಸಿಮಾಡುವಂಥದ್ದು. "ಅಜ್ಜಿಗೆ ಉಫ್ ಆಗಿದೆ" ಎಂದು ಓಡಿಬಂದು ಆ ಬೆರಳನ್ನು ಹಿಡಿದು ತುಟಿಗೆ ಒಯ್ದಳು. ಅಕ್ಕ ಕಿರುಚಿ ತಳ್ಳಿಬಿಟ್ಟಳು. ಮಗು ಹಿಂದಕ್ಕೆ ಬಿದ್ದು ಮೇಜಿನ ಕಾಲಿಗೆ ತಲೆ ಬಡಿಯಿತು.

ಅಳುವಿನ ಸದ್ದಿಗೆ ಸೊಸೆ ಒಳಗಿನಿಂದ ಓಡಿಬಂದಳು. ಡ್ಯೂಟಿಯ ಬಟ್ಟೆ ಹಾಕಿಕೊಂಡು ಕೂದಲು ಕಟ್ಟುತ್ತಿದ್ದವಳು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಗುವನ್ನು ಎತ್ತಿಕೊಂಡಳು. ತಲೆಯಲ್ಲಿ ಒಂದು ಬುಗುಟು ಎದ್ದಿತ್ತು, ಅಷ್ಟೇ. ಆದರೆ ಪುಟ್ಟಿ ಅಮ್ಮನ ಹೆಗಲಿನಿಂದ ಅಜ್ಜಿಯನ್ನು ನೋಡಿದ ರೀತಿ ಅಕ್ಕನಿಗೆ ಮರೆಯಲಾಗಲಿಲ್ಲ. "ಅದು ನನ್ನ ಮುಖ ಕಣೇ" ಎಂದಳು ನನಗೆ. "ಮೂಟೆ ಬಿದ್ದಾಗ ನನ್ನ ಮುಖ ಹೇಗಾಗುತ್ತೋ ಹಾಗೇ ಆಗಿತ್ತು ಅದರ ಮುಖ. ನನ್ನನ್ನ ಕಂಡು."

ಅಕ್ಕ ಕುರ್ಚಿಯ ಮೇಲೆ ಕೂತಳು. ಆಗ ಅವಳಿಗೆ ನೆನಪಾದದ್ದು ಯೇಸುಸ್ವಾಮಿ, ಶಿಲುಬೆಗೆ ಏರಿಸುವ ಹಿಂದಿನ ರಾತ್ರಿ, ಶಿಷ್ಯನೊಬ್ಬ ಹಿಡಿದುಕೊಡುವ ಮೊದಲು, ತೋಟದಲ್ಲಿ ಪ್ರಾರ್ಥಿಸಿದ್ದು. ಅದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು, ಆದರೆ ಈಗ ಕೇಳಿದ ಹಾಗೆ ಎಂದೂ ಕೇಳಿರಲಿಲ್ಲ. ಅವರಿಗೂ ಭಯವಾಗಿತ್ತು. ಬೆವರು ಇಳಿಯುವಷ್ಟು ಆಗಿತ್ತು. ಅದನ್ನವರು ಬಚ್ಚಿಡಲಿಲ್ಲ. ಗೆಳೆಯರನ್ನು ಕರೆದು, ನನ್ನ ಪ್ರಾಣಕ್ಕೆ ಸಂಕಟವಾಗ್ತಿದೆ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಗೆಳೆಯರು ಗೊರಕೆ ಹೊಡೆದರು, ಅದು ಬೇರೆ ಮಾತು.

"ಕರ್ತನಿಗೇ ಬಾಯಿಬಿಟ್ಟು ಹೇಳ್ಕೊಳ್ಳೋಕೆ ನಾಚಿಕೆ ಆಗಲಿಲ್ಲ. ನನಗೇನು ಕೊಂಬಿದೆಯಾ?" ಇದು ಅಕ್ಕ ನನಗೆ ಹೇಳಿದ ಮಾತು. ಆ ಹೊತ್ತಿನಲ್ಲಿ ಅವಳು ಮಾಡಿದ್ದು ಇಷ್ಟೇ: ಎದ್ದು ಹೋಗಿ ಸೊಸೆಯ ಎದುರು ನಿಂತಳು.

"ಮಗಳೇ, ನಿನ್ನೆ ನನಗೆ ಸೂಜಿ ಚುಚ್ಚಿತು. ನಿನ್ನ ಮೂಟೇಲಿ."

ಸೊಸೆ ಬಾಯಿಂದ ಪಿನ್ನು ತೆಗೆದಳು. ಮಗುವನ್ನು ಕೆಳಗಿಳಿಸಿ, ಅಡುಗೆಮನೆಗೆ ಹೋಗಿ ಹಾಲು ಕುಡಿ ಎಂದು ಕಳಿಸಿದಳು. ಆಮೇಲೆ ಕೇಳಿದಳು: "ರಕ್ತ ಬಂತಾ?"

"ಬಂತು."

"ಗ್ಲೌಸ್?"

"ನಿನ್ನ ಗಂಟು ಬಿಚ್ಚೋಕೆ ತೆಗೆದಿದ್ದೆ."

ಸೊಸೆ ಪಿನ್ನನ್ನು ಮೇಜಿನ ಮೇಲಿಟ್ಟಳು. ಅವಳಿಗೂ ನೆನಪಾಗಿತ್ತು. ಹಿಂದಿನ ದಿನ ಬೆಳಗಿನ ಹೊತ್ತು, ಒಬ್ಬ ರೋಗಿಗೆ ಇಂಜೆಕ್ಷನ್ ಕೊಡುವಾಗ ಪಕ್ಕದ ಹಾಸಿಗೆಯವಳು ವಾಂತಿ ಮಾಡಿಕೊಂಡಳು. ಸೂಜಿ ಹಾಕುವ ಡಬ್ಬಿ ವಾರ್ಡಿನ ಆ ತುದಿಯ ಬಾಗಿಲ ಹಿಂದೆ ಇತ್ತು. ಕೈಯಲ್ಲಿದ್ದ ಸೂಜಿಯನ್ನು ಒಂದು ಕ್ಷಣ ಹಾಸಿಗೆಯ ಮೇಲೆ ಇಟ್ಟು ಓಡಿದಳು. ಬಂದು ನೋಡುವಷ್ಟರಲ್ಲಿ ಆಯಾ ಹಾಸು ಎಳೆದು ಗುಡ್ಡೆ ಹಾಕಿದ್ದಳು. ಸೊಸೆ ಎಲ್ಲವನ್ನೂ ಸೇರಿಸಿ ಗಂಟು ಬಿಗಿದಳು. ಸೂಜಿಯನ್ನು ಡಬ್ಬಿಗೆ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದಿತ್ತು; ಹಾಕಿರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

"ನಿನ್ನೆ ಬೆಳಿಗ್ಗೆ ಆಗಿದ್ದು, ಈಗ ಹೇಳ್ತಿದ್ದೀರಾ? ಅತ್ತೆ, ತಕ್ಷಣ ಮಾತ್ರೆ ಶುರು ಮಾಡಬೇಕು. ಈಗಲೇ ಹೋಗಬೇಕು." ಬಾಗಿಲವರೆಗೆ ಹೋದವಳು ನಿಂತಳು. ತಿರುಗಿ ನೋಡದೆ ಹೇಳಿದಳು: "ಯಾವ ವಾರ್ಡು ಅಂತ ಕೇಳ್ತಾರೆ."

"ಕೇಳ್ತಾರೆ."

"ಗೊತ್ತಿಲ್ಲ ಅಂದ್ಬಿಡಿ. ಕಟ್ಟೆ ಮೇಲೆ ಎಲ್ಲಾ ಬಿಚ್ಚಿ ಬಿದ್ದಿತ್ತು ಅನ್ನಿ. ಮಾತ್ರೆ ಹೇಗಿದ್ರೂ ಕೊಡ್ತಾರೆ. ನಿಮಗೂ ಆಯ್ತು, ನನಗೂ..."

ಅದು ಎಷ್ಟು ಸುಲಭವಾದ ದಾರಿಯಾಗಿತ್ತೆಂದರೆ, ಅಕ್ಕನ ಎದೆಯ ಭಾರ ಅರ್ಧ ಇಳಿದಂತೆಯೇ ಆಯಿತಂತೆ. ಯಾರಿಗೆ ನಷ್ಟ? ಒಂದು 'ಗೊತ್ತಿಲ್ಲ'. ಆದರೆ ಹಾಸಿನ ವಾರ್ಡು ಗೊತ್ತಾದರೆ ಆ ರೋಗಿಯ ರಕ್ತ ಪರೀಕ್ಷಿಸಬಹುದು. ಗೊತ್ತಾಗದಿದ್ದರೆ ತಿಂಗಳುಗಟ್ಟಲೆ ಕತ್ತಲಲ್ಲಿ ಕಾಯಬೇಕು. ಅದನ್ನೂ ಸಹಿಸಬಹುದೇನೋ. ಬಾಗಿಲ ಹಿಂದಿನ ಆ ಡಬ್ಬಿ ಅಲ್ಲೇ ಇರುತ್ತದೆ. ನಾಳೆ ಮತ್ತೊಂದು ಮೂಟೆ ಬರುತ್ತದೆ. ದಂಡನಾಯಕಿಯ ಕೈಗವಸೂ ಒಂದು ದಿನ ಕಂಕುಳಲ್ಲಿರುತ್ತದೆ.

"ನನ್ನ ಕೈಲಾಗಲ್ಲ ಮಗಳೇ" ಎಂದಳು. "ನಾನು ಸುಳ್ಳು ಹೇಳೋಕೂ ಪುಕ್ಕಲಿ. ಎರಡನೇ ಸಲ ಕೇಳಿದ್ರೆ ಎಲ್ಲಾ ಕಕ್ಕಿಬಿಡ್ತೀನಿ, ನಿನ್ನ ಮಾನ ಇನ್ನೂ ಹೋಗುತ್ತೆ."

ಸೊಸೆ ನಗಲಿಲ್ಲ. "ನಿಮ್ಮ ಮಗ ಇಲ್ಲದಾಗ ಈ ಮನೆ ನಡೀತಿರೋದು ನನ್ನ ಸಂಬಳದಿಂದಲೂ ಅತ್ತೆ. ಅದನ್ನ ನಿಮ್ಮ ದೇವರಿಗೂ ಒಂದು ಮಾತು ಹೇಳಿ" ಎಂದು ಚೀಲ ಹೆಗಲಿಗೇರಿಸಿ ನಡೆದುಬಿಟ್ಟಳು. ಅದೇ ದೇವರಿಗೆ ಅವಳೂ ಮಂಡಿಯೂರುವವಳೇ. ಕೋಪಕ್ಕೆ ಆ ಹೊತ್ತಿನಲ್ಲಿ ದೇವರನ್ನೂ ಅತ್ತೆಯ ಕಡೆಯವರನ್ನಾಗಿ ಮಾಡಿದ್ದಳು.

ಅಕ್ಕ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಒಬ್ಬಳೇ ಹೋದಳು. ನೌಕರರನ್ನು ನೋಡುವ ಡಾಕ್ಟರ ಕೋಣೆ ಮೇಲಿನ ಮಹಡಿಯಲ್ಲಿ. ಲಿಫ್ಟು ಹತ್ತುವವಳಲ್ಲ, ಮೆಟ್ಟಿಲು ಹತ್ತಿದಳು. ದಾರಿಯಲ್ಲಿ ಹೆಂಗಸರ ವಾರ್ಡಿನ ಗಾಜಿನ ಬಾಗಿಲು ಸಿಗುತ್ತದೆ. ಒಳಗೆ ಸೊಸೆ ಯಾರದೋ ದಿಂಬು ಸರಿಮಾಡುತ್ತಿದ್ದಳು. ಅಕ್ಕ ಗೋಡೆ ಹಿಡಿದು ನಿಂತಳು. ವಾಪಸು ಹೋಗಿಬಿಡೋಣ ಎನಿಸಿತು. ಅವಳು ಮಾಡಿದ ಪ್ರಾರ್ಥನೆ ಎಂದಿನದೇ. "ಸ್ವಾಮಿ, ಭಯ ಆಗ್ತಿದೆ." ಆಮೆನ್ ಎನ್ನುವ ಮೊದಲು ಒಂದು ಮಾತು ಸೇರಿಸಿದಳು: "ಬನ್ನಿ."

"ಭಯ ಹೋಯ್ತಾ?" ಎಂದು ನಾನು ಕೇಳಿದೆ.

"ಎಲ್ಲಿ ಹೋಗುತ್ತೆ? ಅದೂ ಮೆಟ್ಟಿಲು ಹತ್ತಿತು, ನನ್ನ ಜೊತೆ. ಆದ್ರೆ ನಾವಿಬ್ಬರೇ ಅಂತ ಅನ್ನಿಸಲಿಲ್ಲ."

ಡಾಕ್ಟರಮ್ಮ ವಯಸ್ಸಾದವರು, ಅವಸರವಿಲ್ಲದವರು. ಬೆರಳು ನೋಡಿದರು, ಯಾವಾಗ ಆಯಿತೆಂದು ಕೇಳಿದರು, ಇಷ್ಟು ತಡ ಯಾಕೆ ಎಂದು ಗದರಿದರು. ಅಲ್ಲೇ ಒಂದು ಮಾತ್ರೆ ನುಂಗಿಸಿದರು. ಆಮೇಲೆ ಕೇಳಿದರು: "ಗ್ಲೌಸ್ ಇತ್ತಾ?"

"ತೆಗೆದಿದ್ದೆ ಡಾಕ್ಟರಮ್ಮ."

"ಯಾವ ವಾರ್ಡಿನ ಬಟ್ಟೆ?"

ಅಕ್ಕ ಬೆರಳಿನ ಬಟ್ಟೆಯ ಚೂರನ್ನು ಮತ್ತೆ ಸುತ್ತತೊಡಗಿದಳು. ಡಾಕ್ಟರಮ್ಮ ಕಾಯ್ದರು. "ಗೊತ್ತಿಲ್ವಾ?" ಎಂದು ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೋರಿಸಿಕೊಟ್ಟರು. 'ಹೂಂ' ಎಂದು ತಲೆಯಾಡಿಸಿದ್ದರೆ ಸಾಕಿತ್ತು.

"ಗೊತ್ತು" ಎಂದಳು ಅಕ್ಕ. "ಹೆಂಗಸರ ವಾರ್ಡು. ಕಟ್ಟಿದ್ದು ನನ್ನ ಸೊಸೆ. ಅವಳು ಕೆಟ್ಟ ಹುಡುಗಿ ಅಲ್ಲ ಡಾಕ್ಟರಮ್ಮ, ಸೂಜಿ ಡಬ್ಬಿ ದೂರ ಇದೆ." ಇಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಸತ್ಯ ಹೇಳಿದ್ದಕ್ಕೆ ಎಲ್ಲವೂ ನೆಟ್ಟಗಾಯಿತು ಎಂದು ನಾನು ಬರೆಯಲಾರೆ. ಆ ಹಾಸಿನ ಮೇಲೆ ಮಲಗಿದ್ದ ರೋಗಿ ಹಿಂದಿನ ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಕೊಟ್ಟಿದ್ದ ವಿಳಾಸದಲ್ಲಿ ಅವಳು ಸಿಗಲೇ ಇಲ್ಲ. ಹಾಗಾಗಿ ಕತ್ತಲಲ್ಲಿ ಕಾಯುವುದು ತಪ್ಪಲಿಲ್ಲ. ಸೊಸೆಯನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಪರೀಕ್ಷೆಯ ಅವಧಿಯನ್ನು ಇನ್ನಷ್ಟು ಬೆಳೆಸಿ, ವಾರ್ಡಿನಿಂದ ತೆಗೆದು, ರಕ್ತ ತೆಗೆಯುವ ಕೋಣೆಗೆ ಹಾಕಿದರು. ದಿನವಿಡೀ ಅದೇ ಕೆಲಸ. ವಾರ್ಡಿನ ನರ್ಸಿಗೆ ಅದು ಶಿಕ್ಷೆಯೇ. ನೆಲಮಾಳಿಗೆಯಲ್ಲಿ ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಗವಸಿನ ಬಗ್ಗೆ ಬೈದ. ಹೆಂಗಸರ ವಾರ್ಡಿನಲ್ಲಿ ಹಾಸಿಗೆಗಳ ಪ್ರತಿ ಸಾಲಿಗೂ ಒಂದು ಸೂಜಿ ಡಬ್ಬಿ ಬಂತು. ಇನ್ನು ಮೇಲೆ ಮೂಟೆಗೆ ಗಂಟು ಹಾಕಬಾರದು, ಎಳೆದರೆ ಬಿಚ್ಚುವ ಪಟ್ಟಿ ಹಾಕಬೇಕು ಎಂದೂ ಹೇಳಿದ್ದಾರೆ. ಪಟ್ಟಿ ಇನ್ನೂ ಬಂದಿಲ್ಲ.

ಮಾತ್ರೆ ಅಕ್ಕನನ್ನು ಹಿಂಡಿಹಾಕಿತು. ತಿಂದದ್ದು ನಿಲ್ಲುತ್ತಿರಲಿಲ್ಲ, ತಲೆ ಗಿರ್ರೆನ್ನುತ್ತಿತ್ತು. ನೆಲಮಾಳಿಗೆಯ ಟೀ ಹೊತ್ತಿನಲ್ಲಿ ಅವಳ ಲೋಟದ ಸುತ್ತಲೂ ಜಾಗ ಖಾಲಿಯಾಯಿತು. ಯಾಕೆಂದು ಅವಳಿಗೆ ಗೊತ್ತಿತ್ತು. ತಾನೂ ಹಾಗೆ ಸರಿದು ಕೂತವಳೇ. ದಂಡನಾಯಕಿ ಮಾತ್ರ ಎರಡು ದಿನ ದೂರ ಕೂತು, ಮೂರನೆಯ ದಿನ ತನ್ನ ಲೋಟ ಹಿಡಿದು ಬಂದು ಪಕ್ಕದಲ್ಲಿ ಧೊಪ್ಪನೆ ಕೂತಳು.

"ಸರಿ ಆ ಕಡೆ. ಬೆಂಚು ನಿಮ್ಮಪ್ಪನದ್ದಾ?"

"ನಿನಗೆ ಭಯ ಇಲ್ವಾ?" ಎಂದಳು ಅಕ್ಕ.

"ಇದೆ. ಅದಕ್ಕೇ ಇಷ್ಟು ಜೋರಾಗಿ ಮಾತಾಡ್ತಿರೋದು. ಟೀ ಕುಡಿ."

ಮನೆಯಲ್ಲಿ ಅಂಥ ಮಾತೂ ಇರಲಿಲ್ಲ. ಸೊಸೆ ಅತ್ತೆಗೆ ಬೇಕಾದ್ದನ್ನೆಲ್ಲ ಮಾಡುತ್ತಿದ್ದಳು: ಹೊತ್ತಿಗೆ ಸರಿಯಾಗಿ ಮಾತ್ರೆ, ಹೊಟ್ಟೆಗೆ ತಡೆಯುವಂಥ ಊಟ, ವಾಂತಿಯಾದರೆ ಬಕೆಟ್ಟು. ಎಲ್ಲವನ್ನೂ ಬಾಯಿ ಬಿಗಿದುಕೊಂಡು. ಒಂದು ರಾತ್ರಿ ಮಾತ್ರ, ಪುಟ್ಟಿಯನ್ನು ಎತ್ತಿ ತಂದು ಅತ್ತೆಯ ಹಾಸಿಗೆಯ ಮೇಲೆ ಮಲಗಿಸಿದಳು. ಅಕ್ಕ ಎದ್ದು ಕೂತಳು.

"ಬೇಡಮ್ಮ, ಕರ್ಕೊಂಡು ಹೋಗು."

"ಪಕ್ಕದಲ್ಲಿ ಮಲಗಿದ್ರೆ ಬರಲ್ಲ ಅದು. ತಟ್ಟೇಲಿ ಉಂಡ್ರೂ ಬರಲ್ಲ. ನಾನು ನರ್ಸು, ನನಗೆ ಗೊತ್ತು." ಸೊಸೆ ದೀಪ ಆರಿಸಿ ಹೋದಳು. ಅಷ್ಟು ದಿನಗಳಲ್ಲಿ ಅವಳಾಡಿದ ಅತ್ಯಂತ ಉದ್ದದ ಮಾತು ಅದೇ.

ಅಕ್ಕನ ಮಾತ್ರೆ ಮುಗಿಯಿತು. ಆಮೇಲೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಇದನ್ನು ಬರೆಯುವಾಗ ಕೊನೆಯ ಪರೀಕ್ಷೆ ಇನ್ನೂ ಉಳಿದಿದೆ. ಪ್ರಾರ್ಥನಾ ಕೂಟದಲ್ಲಿ ಅಕ್ಕನ ಪ್ರಾರ್ಥನೆ ಬದಲಾಗಿಲ್ಲ. ಅವಳು 'ಭಯ ಆಗ್ತಿದೆ' ಎಂದಾಗ ಹಿಂದಿನ ಸಾಲಿನಲ್ಲಿ ಈಗ ಯಾರೂ ನಗುವುದಿಲ್ಲ. ಹೋದ ವಾರ, ಗಟ್ಟಿಯಾಗಿ ಪ್ರಾರ್ಥಿಸುವ ಆ ಸಹೋದರಿ ತನ್ನ ಸರದಿ ಬಂದಾಗ "ನನಗೂ, ಸ್ವಾಮಿ" ಎಂದಳು. ಅವಳಿಗೆ ಏನಾಗಿದೆಯೋ ನಾವಿನ್ನೂ ಕೇಳಿಲ್ಲ. ಅವಳು ಹೇಳುತ್ತಾಳೆ.

ಮೊದಲ ಪರೀಕ್ಷೆಯ ದಿನ ನಾನು ಅಕ್ಕನ ಜೊತೆ ಹೋಗಿದ್ದೆ. ರಕ್ತ ತೆಗೆಯುವ ಕೋಣೆಯ ಪರದೆ ಸರಿಸಿದಾಗ ಒಳಗೆ ಕೂತಿದ್ದವಳು ಸೊಸೆ. ಅವಳ ಜೊತೆಯವಳು ಊಟಕ್ಕೆ ಹೋಗಿದ್ದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೇರೆಯವರನ್ನ ಕರೀಲಾ ಅತ್ತೆ?"

"ಯಾಕೆ? ನಿನಗೆ ಬರಲ್ವಾ?"

ಅಕ್ಕ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಸೊಸೆ ತೋಳಿಗೆ ಪಟ್ಟಿ ಬಿಗಿಯಾಗಿ ಕಟ್ಟಿದಳು. ಸೂಜಿಯ ಹೊದಿಕೆ ತೆಗೆದು, ಒಂದು ಕ್ಷಣ ತಡೆದು, ಕಣ್ಣು ಒರೆಸಿಕೊಂಡಳು. "ಆ ಕಡೆ ನೋಡಿ" ಎಂದಳು.

"ಇಲ್ಲ, ಇಲ್ಲೇ ನೋಡ್ತೀನಿ."

ಸೂಜಿ ಒಳಗೆ ಹೋಯಿತು. ಅಕ್ಕ ಹಲ್ಲು ಕಚ್ಚಿ ಹಿಡಿದು, ಕಣ್ಣು ಮಿಟುಕಿಸದೆ ನೋಡಿದಳು. ಕೊಳವೆ ತುಂಬಿತು. ಸೊಸೆ ಸೂಜಿ ಹೊರತೆಗೆದು, ಹತ್ತಿ ಒತ್ತಿ, ಅತ್ತೆಯ ಇನ್ನೊಂದು ಕೈಯ ಹೆಬ್ಬೆರಳನ್ನು ತಂದು ಹತ್ತಿಯ ಮೇಲಿಟ್ಟಳು. ಪಕ್ಕದಲ್ಲೇ ಡಬ್ಬಿಯಿತ್ತು. ಟಕ್ಕೆಂದು ಸದ್ದಾಯಿತು. ಆ ಸದ್ದಿಗೆ ಅಕ್ಕ ಎಂದಿನಂತೆ ಬೆಚ್ಚಿದಳು.

"ಹಾಕಿದ್ಯಾ?"

"ಹಾಕಿದೆ ಅತ್ತೆ. ನೋಡಿ, ಬಗ್ಗಿ ನೋಡಿ."

ಅಕ್ಕ ಬಗ್ಗಿ ನೋಡಿದಳು. ಸೊಸೆಯೂ ಬಗ್ಗಿದಳು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು, ಆ ಹಳದಿ ಡಬ್ಬಿಯೊಳಗೆ, ಬಾವಿಯಲ್ಲಿ ಬಿದ್ದದ್ದನ್ನು ಹುಡುಕುವವರ ಹಾಗೆ ಬಹಳ ಹೊತ್ತು ನೋಡುತ್ತಿದ್ದರು.